ಕ್ಲಚ್ಚಿಲ್ಲದ ಲಾರಿ

ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನ ಮೇಲೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡ ಪ್ಲಂಬರ್ ಕಾದು ಕಾದು ಸಿಡಿಮಿಡಿಗೊಂಡಿದ್ದ. ಪಕ್ಕದಲ್ಲಿ ಊರುಗೋಲು ಹಿಡಿದ ಲಾರಿ ಡ್ರೈವರನೂ ಅವನ ಮಗಳೂ ಮೊಬೈಲಿನಲ್ಲಿ ಆಟದ ಕಂಪ್ಯೂಟರಿಗೆ ಬಿಡಿಭಾಗ ಆರಿಸುತ್ತಿದ್ದರು. ಅವರ ಮಾತು ಕಿವಿಗೆ ಬಿದ್ದ ಮೇಲೆ ಪ್ಲಂಬರ್ ಗಡಿಯಾರ ನೋಡುವುದನ್ನೇ ಬಿಟ್ಟ.

“ಕಂಪ್ಯೂಟರಿಗೆ ಗಾಜಿನ ಡಬ್ಬೀನೇ ಇರಲಿ. ಒಳಗೆ ಬಣ್ಣಬಣ್ಣದ ದೀಪ ಉರೀತಿರ್ಬೇಕು,” ಎಂದ ಅಪ್ಪ.

“ಮನೇಲಿ ಗೋಡೆ ನೋಡ್ಕೊಂಡು ಕೂತಿದೀಯ, ಆಟದಲ್ಲಾದ್ರೂ ಲಾರಿ ಓಡ್ಸು ಅಂತ ನಾನು ಒದ್ದಾಡ್ತಿದ್ರೆ ನಿಂಗೆ ದೀಪ ಬೇಕಾ? ಇರೋ ದುಡ್ಡಲ್ಲಿ ಮೊದಲು ಚಿತ್ರ ಮೂಡ್ಸೋ ಗ್ರಾಫಿಕ್ಸ್ ಕಾರ್ಡು. ಅದು ಸೋತ್ರೆ ರಸ್ತೇನೇ ತಡವರಿಸುತ್ತೆ.”

“ಪವರ್ ಸಪ್ಲೈ ಹಳೇದು ಸಾಕಲ್ವಾ?”

“ಅದು ಸುಟ್ಟೋದ್ರೆ ಜೊತೆಗೆ ಎಲ್ಲಾನೂ ಎಳ್ಕೊಂಡು ಹೋಗುತ್ತೆ. ಹೊಸದೇ.”

“ಸರಿ, ಸವೆದ ಟೈರಲ್ಲಿ ಘಾಟಿ ಹತ್ತಬಾರ್ದು. ಸ್ಟೇರಿಂಗು?”

ಮಗಳು ಮೊಬೈಲ್ ತೋರಿಸಿದಳು. “ಇದು. ಬ್ರೇಕು, ಆಕ್ಸಿಲೇಟರು, ಎರಡೇ ಪೆಡಲು.”

“ಕ್ಲಚ್ಚೆಲ್ಲಿ?”

“ಬೇಡಪ್ಪ. ಗೇರು ತಾನೇ ಬೀಳುತ್ತೆ.”

“ಕ್ಲಚ್ಚಿಲ್ಲದ್ದನ್ನ ಲಾರಿ ಅಂತಾರೇನೇ? ತೊಟ್ಟಿಲು ಅಂತಾರೆ.”

“ಕ್ಲಚ್ಚು ಒತ್ತೋ ಎಡಗಾಲೇ ಏಳಲ್ಲ ಅಂತ ಬೆಳಿಗ್ಗೆ ನೀನೇ ಗೊಣಗ್ತಿದ್ದೆ.”

“ಅದನ್ನ ಏಳಿಸೋಕೆ ತಾನೇ ಇಲ್ಲಿಗೆ ಬಂದಿರೋದು? ದೀಪ ಬಿಡು, ತಗಡಿನ ಡಬ್ಬಿ ಸಾಕು. ಮಿಕ್ಕಿದ್ದನ್ನ ಕ್ಲಚ್ಚಿಗೆ ಹಾಕು.”

ಮಗಳು ಅಪ್ಪನ ಮುಖವನ್ನೊಮ್ಮೆ ನೋಡಿ ಮೂರು ಪೆಡಲಿನ ಸ್ಟೇರಿಂಗನ್ನು ಆರಿಸಿದಳು.

ಒಳಗಿನಿಂದ ಕರೆ ಬಂತು. ಪಾಳಿ ಪ್ಲಂಬರನದು. ಅವನು ಕೂತಲ್ಲಿಂದಲೇ, “ನೀವ್ ಹೋಗಿ,” ಎಂದು ಒರಟಾಗಿ ಹೇಳಿದ.

ಡ್ರೈವರ್ ಊರುಗೋಲು ಊರಿ ಎದ್ದ. “ಬಾರೇ ಕ್ಲೀನರು, ಹಿಂದೆ ಗಾಡಿ ನೋಡ್ಕೋ,” ಎನ್ನುತ್ತ ಎಡಗಾಲನ್ನೇ ಮುಂದಿಟ್ಟು ಒಳಗೆ ಹೋದ.