ಬಾಲಪ್ಪಣ್ಣನ ಉಸಿರು

ಆ ಬಾಗಿಲು ಎಳೆದು ಬನ್ನಿ, ಹೇಳ್ತೇನೆ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗ ಜಯೇಶನಿಗೆ ಆದದ್ದು. ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ, ಹುಟ್ಟಿದ್ದು ಬೆಳೆದದ್ದೆಲ್ಲ ಠಾಣೆ ನಗರದಲ್ಲೇ. ದೆವ್ವ ಭೂತ ಅಂದರೆ ನಗುವ ಹುಡುಗ. ಈಗ ನಗುವುದಿಲ್ಲ.

ಎರಡು ಸಾವಿರದ ಹನ್ನೆರಡು, ಏಪ್ರಿಲ್ ತಿಂಗಳು. ರಾತ್ರಿ ಹನ್ನೊಂದೂವರೆ ಇರಬೇಕು. ಠಾಣೆಯ ವರ್ತಕ ನಗರದಲ್ಲಿ ಜಯೇಶ ಮತ್ತು ಅವನ ಕಾಲೊನಿಯವನೇ ಆದ ಮುರಾರಿಯಣ್ಣ ನಡೆದುಕೊಂಡು ಮನೆಗೆ ಬರುತ್ತಿದ್ದರು. ಇಬ್ಬರ ಬೆನ್ನಲ್ಲೂ ಹತ್ತು ಹತ್ತು ಕಿಲೋ ಅಕ್ಕಿ ತುಂಬಿದ ಚೀಲ. ಹುಚ್ಚಲ್ಲ... ಬೆಟ್ಟ ಹತ್ತುವ ತಯಾರಿ. ಮುರಾರಿಯಣ್ಣ ಉಲ್ಹಾಸನಗರದಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ಹೋಟೆಲ್ ಮುಚ್ಚಿ ಬಂದ ಮೇಲೆಯೇ ಅವನಿಗೆ ಪುರುಸೊತ್ತು.

ಅವನ ಅಣ್ಣ ಬಾಲಪ್ಪಣ್ಣ ಹಿಂದಿನ ವರ್ಷ ತೀರಿಕೊಂಡಿದ್ದ. ಮೂವತ್ತು ವರ್ಷ ಅಡುಗೆ ಭಟ್ಟಿಯ ಮುಂದೆ ನಿಂತು ನಿಂತು ಶ್ವಾಸಕೋಶ ಹಾಳಾಗಿತ್ತು. ಮನೆಯಲ್ಲೇ ಆಕ್ಸಿಜನ್ ಸಿಲಿಂಡರ್ ಇಟ್ಟಿದ್ದರು. ಒಂದು ರಾತ್ರಿ ಮುರಾರಿಯಣ್ಣ ಅತ್ತಿಗೆಗೆ, ನೀವು ಒಳಗೆ ಹೋಗಿ ಮಲಗಿ, ನಾನು ನೋಡಿಕೊಳ್ಳುತ್ತೇನೆ ಅಂದ. ಬೆಳಗ್ಗೆ ನೋಡುವಾಗ ಸಿಲಿಂಡರ್ ಖಾಲಿ, ಬದಲಿಗೆ ಇಟ್ಟ ತುಂಬಿದ್ದು ಪಕ್ಕದಲ್ಲೇ ಉಂಟು, ಬಾಲಪ್ಪಣ್ಣ ಇಲ್ಲ. ತೂಕಡಿಸಿಬಿಟ್ಟೆ ಅಂತ ಮುರಾರಿಯಣ್ಣ ಗೋಡೆಗೆ ತಲೆ ಚಚ್ಚಿಕೊಂಡು ಅತ್ತನಂತೆ. ಯಾರು ಏನು ಹೇಳುವುದು?

ಆಮೇಲೆ ಅಣ್ಣನ ಹೆಸರಲ್ಲಿ ಒಂದು ಒಳ್ಳೆ ಕೆಲಸಕ್ಕೆ ಹೊರಟ. ಬಡವರ ಮನೆಗೆ ಪುಕ್ಕಟೆ ಸಿಲಿಂಡರ್ ಕೊಡುವುದು. ಅದಕ್ಕೆ ಹಣ ಎತ್ತಲು ಹಿಮಾಲಯಕ್ಕೆ ಟ್ರೆಕ್, ಹತ್ತಿ ಬಂದರೆ ಇಷ್ಟು ಕೊಡುತ್ತೇವೆ ಅಂತ ಜನ ಮಾತು ಕೊಟ್ಟಿದ್ದರು. ಸ್ಪಿತಿ ಕಡೆ ಹದಿನಾಲ್ಕು ಸಾವಿರ ಅಡಿ ಮೇಲೆ ಯಾವ ಕಾಲದ್ದೋ ಒಂದು ಪಾಳು ಕೋಟೆ ಉಂಟು, ಅಲ್ಲಿಯವರೆಗೆ. ನಮ್ಮ ತುಳುವರ ಸಂಘದ ಐದು ಜನ ಹೆಸರು ಕೊಟ್ಟರು. ಅದರಲ್ಲಿ ಜಯೇಶನೂ ಒಬ್ಬ.

ಹಾಂ, ಆ ಅಕ್ಕಿ ಚೀಲದ ರಾತ್ರಿ. ಕಾಲೊನಿಯ ಹಿಂದೆ ಒಂದು ಹಳೇ ಬಾವಿ ಇತ್ತು. ಮೇಲೆ ಕಬ್ಬಿಣದ ಜಾಲರಿ. ಅದರ ಹತ್ತಿರ ಬರುವಾಗ ಜಯೇಶನಿಗೆ ಒಂದು ಶಬ್ದ ಕೇಳಿತು.

ಗುಳು... ಗುಳು... ಗುಳು...

ನೀರಿನೊಳಗೆ ಯಾರೋ ನಳಿಗೆ ಇಟ್ಟು ಊದಿದ ಹಾಗೆ. ಆಕ್ಸಿಜನ್ ಹಾಕಿದವರ ಪಕ್ಕ ಕೂತವರಿಗೆ ಗೊತ್ತಿರುತ್ತದೆ. ಗಾಳಿ ಒಂದು ಸಣ್ಣ ನೀರಿನ ಬಾಟಲಿಯ ಮೂಲಕ ಹೋಗುವಾಗ ಬರುವ ಶಬ್ದ ಅದು. ಜಯೇಶ ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದ. ಬಾವಿಯಲ್ಲಿ ನೀರೇ ಇಲ್ಲ. ಕಸ, ಒಣಗಿದ ಹೂವಿನ ಹಾರ, ಪ್ಲಾಸ್ಟಿಕ್ ಚೀಲ.

“ನೋಡಬೇಡ,” ಅಂದ ಮುರಾರಿಯಣ್ಣ. “ನಡಿ.”

ಅವನು ಆಗಲೇ ರಸ್ತೆಯ ಆಚೆ ಬದಿಯಲ್ಲಿದ್ದ. ಏನು ಕೇಳಿತು ಅಂತ ಜಯೇಶ ಹೇಳಿರಲೇ ಇಲ್ಲ... ಅದು ಮನೆಗೆ ಹೋಗಿ ಮಲಗಿದ ಮೇಲೆ ಅವನಿಗೆ ಹೊಳೆಯಿತು. ಮರುದಿನದಿಂದ ಮುರಾರಿಯಣ್ಣ ಆ ದಾರಿ ಬಿಟ್ಟ. ಸುತ್ತು ಹಾಕಿಕೊಂಡು ದೊಡ್ಡ ರಸ್ತೆಯಲ್ಲೇ ಬರುತ್ತಿದ್ದ.

ಜೂನ್‌ನಲ್ಲಿ ಹೊರಟರು. ಕಲ್ಯಾಣ್ ಸ್ಟೇಷನ್‌ಗೆ ಬಿಡಲು ನಾವೆಲ್ಲ ಹೋಗಿದ್ದೆವು. ಬಾಲಪ್ಪಣ್ಣನ ಹೆಂಡತಿ ವಿನೋದಕ್ಕನೂ ಬಂದಿದ್ದಳು. ಮುರಾರಿಯಣ್ಣ ನೀರಿನ ಬಾಟಲಿ ತರಲು ಅತ್ತ ಹೋದದ್ದೇ, ಅವಳು ಜಯೇಶನ ಹತ್ತಿರ ಬಂದಳು. ಅವನ ಶರ್ಟಿನ ಗುಂಡಿ ಸರಿ ಮಾಡುವವಳ ಹಾಗೆ ಬಗ್ಗಿ, ಮೆಲ್ಲಗೆ ಹೇಳಿದಳು.

“ರಾತ್ರಿ ಅವನ ಹತ್ತಿರ ಮಲಗಬೇಡ.”

“ಯಾಕಕ್ಕಾ?”

“ಅವನಿಗೆ ನಿದ್ದೆ ಬರುವುದಿಲ್ಲ ಮಗಾ. ಮದುವೆಯಾಗಿ ಬಂದಾಗಿಂದ ನೋಡಿದ್ದೇನೆ. ಒಂದು ಎಲೆ ಬಿದ್ದರೂ ಎದ್ದು ಕೂರುತ್ತಾನೆ. ಆವತ್ತು ಒಂದು ರಾತ್ರಿ ಮಾತ್ರ ಹೇಗೆ ನಿದ್ದೆ ಬಂತು?”

ಅಷ್ಟರಲ್ಲಿ ಮುರಾರಿಯಣ್ಣ ಬಂದ. ವಿನೋದಕ್ಕ ಗುಂಡಿ ಬಿಟ್ಟು ಹಿಂದೆ ಸರಿದಳು.

ಜಯೇಶನ ಮನಸ್ಸಿಗೆ ಆಗಲೇ ಹುಳ ಹೊಕ್ಕಿತು. ರೈಲಿನಲ್ಲಿ, ಬಸ್ಸಿನಲ್ಲಿ, ನಡೆಯುವಾಗ... ಅವನ ಕಣ್ಣು ಮುರಾರಿಯಣ್ಣನ ಮೇಲೆಯೇ. ಡೇರೆ ಹಂಚುವಾಗ ಬೇಕೆಂತಲೇ ಚೆನ್ನಯನ ಜೊತೆ ಸೇರಿಕೊಂಡ. ಚೆನ್ನಯ ಸಂಘದ ಇನ್ನೊಬ್ಬ ಹುಡುಗ. ಮುರಾರಿಯಣ್ಣ ಒಂದು ಸಲ ಇವನ ಮುಖ ನೋಡಿದ.

ನಡಿಗೆಯ ಮೂರನೇ ದಿನ ಕೋಟೆಯ ಬುಡಕ್ಕೆ ಮುಟ್ಟಿದರು. ಕೋಟೆ ಅಂದರೆ ಈಗ ಮಣ್ಣಿನ ನಾಲ್ಕು ಗೋಡೆ, ಒಂದು ಮುರಿದ ಬುರುಜು. ಮರ ಇಲ್ಲ, ಹಕ್ಕಿ ಇಲ್ಲ. ನೀರಿನ ಹನಿ ಸಹಿತ ಹೆಪ್ಪುಗಟ್ಟಿತ್ತು. ಗೋಡೆಯ ಮರೆಯಲ್ಲಿ ಡೇರೆ ಹಾಕಿದರು. ಸಂಜೆಯಿಂದ ಜಯೇಶನಿಗೆ ತಲೆ ಸಿಡಿಯಲು ಶುರು. ವಾಂತಿ. ಎಂಟೂವರೆ ಹೊತ್ತಿಗೆ ತುಟಿ ನೀಲಿ. ದಾರಿ ತೋರಿಸುವ ಛೇರಿಂಗ್ ಬಂದು ನೋಡಿ, ಇವನನ್ನು ಕೆಳಗೆ ಇಳಿಸಲೇಬೇಕು, ಆದರೆ ಈ ಕತ್ತಲಲ್ಲಿ ಹೊತ್ತು ಇಳಿಯಲಾಗದು, ನಾನು ಹಳ್ಳಿಗೆ ಹೋಗಿ ಬೆಳಗಿನೊಳಗೆ ಕುದುರೆ ತರುತ್ತೇನೆ ಅಂದ.

ಅವರ ಹತ್ತಿರ ಎರಡು ಸಣ್ಣ ಸಿಲಿಂಡರ್ ಇದ್ದವು. ಒಂದನ್ನು ಜಯೇಶನಿಗೆ ಹಾಕಿದ. ಇದು ನಾಲ್ಕು ಗಂಟೆ ಬರುತ್ತದೆ, ಒಂದು ಗಂಟೆ ಹೊತ್ತಿಗೆ ಮುಗಿಯುತ್ತದೆ, ಆಗ ಇನ್ನೊಂದನ್ನು ಹಾಕಿ ಅಂತ ಎರಡೆರಡು ಸಲ ಹೇಳಿ, ವಾಲ್ವ್ ತಿರುಗಿಸುವುದು ಹೇಗೆಂದು ತೋರಿಸಿ ಇಳಿದು ಹೋದ. ಎರಡನೆಯದನ್ನು ಡೇರೆಯ ಬಾಗಿಲ ಹತ್ತಿರ ನಿಲ್ಲಿಸಿದ್ದ.

ಪಕ್ಕದಲ್ಲಿ ಚೆನ್ನಯ ಕೂತಿದ್ದ. ಅವನಿಗೂ ತಲೆನೋವು. ಮುರಾರಿಯಣ್ಣ ಒಳಗೆ ಬಂದು, “ನೀನು ಹೋಗಿ ಮಲಗು ಚೆನ್ನಯ. ನನಗೆ ಅಭ್ಯಾಸ ಉಂಟು,” ಅಂದ.

ಜಯೇಶ ಬೇಡ ಅಂದ. ಮಾಸ್ಕಿನೊಳಗಿಂದ ಅದು ಯಾರಿಗೂ ಕೇಳಲಿಲ್ಲ. ಚೆನ್ನಯ ಹೋದ. ಜಿಪ್ ಎಳೆದ ಶಬ್ದ... ಜರ್‍ರ್... ಆಮೇಲೆ ಇಬ್ಬರೇ.

ಸ್‌ಸ್‌ಸ್ ಅಂತ ಮಾಸ್ಕಿನಲ್ಲಿ ಗಾಳಿ. ಹೊರಗೆ ಡೇರೆಯ ಬಟ್ಟೆ ಪಟ ಪಟ. ಮುರಾರಿಯಣ್ಣ ಕಾಲು ಮಡಚಿ ಕೂತು ಇವನನ್ನೇ ನೋಡುತ್ತಿದ್ದ. ಜಯೇಶ ಕಣ್ಣು ಮುಚ್ಚಬಾರದೆಂದು ಹಟ ಹಿಡಿದ. ಎಷ್ಟು ಹೊತ್ತೋ... ಗಾಳಿಯ ಶಬ್ದ ಸಣ್ಣಗಾಯಿತು. ಸ್... ಸ್... ನಿಂತಿತು. ಮಾಸ್ಕು ಕೆನ್ನೆಗೆ ಅಂಟಿಕೊಂಡಿತು.

ಜಯೇಶ ಕೈ ಎತ್ತಿ ಬಾಗಿಲ ಕಡೆ ತೋರಿಸಿದ. ಮುರಾರಿಯಣ್ಣ ನೋಡಿದ. ಟಾರ್ಚಿನ ಬೆಳಕಲ್ಲಿ ಅವನ ಕಣ್ಣು ಪೂರ್ತಿ ತೆರೆದಿತ್ತು. ನಿದ್ದೆ ಇಲ್ಲ, ತೂಕಡಿಕೆ ಇಲ್ಲ. ಸಿಲಿಂಡರ್ ಅವನ ಮೊಣಕಾಲಿನಿಂದ ಒಂದು ಮಾರು ದೂರ.

ಅವನು ಏಳಲಿಲ್ಲ.

ವಿನೋದಕ್ಕ ಹೇಳಿದ್ದು ನಿಜ ಅಂತ ಆಗ ಜಯೇಶನಿಗೆ ಗೊತ್ತಾಯಿತು. ಎದೆಯ ಮೇಲೆ ಯಾರೋ ಕಲ್ಲು ಹೇರಿದ ಹಾಗೆ. ಕಣ್ಣು ಕತ್ತಲೆ ಬರುತ್ತಾ ಬಂತು. ಅಮ್ಮನನ್ನು ನೆನೆದ. ಅಷ್ಟರಲ್ಲಿ ಕೋಟೆ ಗೋಡೆಯ ಆಚೆಯಿಂದ...

ಗುಳು... ಗುಳು...

ಹನಿ ನೀರಿಲ್ಲದ ಜಾಗ ಅದು. ಶಬ್ದ ಹತ್ತಿರ ಬಂತು. ಡೇರೆಯ ಬಾಗಿಲಲ್ಲಿ ನಿಂತಿತು. ಜಿಪ್ ಎಳೆದ ಶಬ್ದ ಇಲ್ಲ... ಆದರೆ ಮರುಕ್ಷಣ ಅದು ಒಳಗಿತ್ತು. ಇಬ್ಬರ ನಡುವೆ.

ಗುಳು... ಗುಳು... ಗುಳು...

ಮುರಾರಿಯಣ್ಣ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ತುಳುವಿನಲ್ಲಿ ಏನೋ ಪಿಸುಗುಟ್ಟಿದ. ಜಯೇಶನ ಮನೆಮಾತು, ಅವನಿಗೆ ಸರಿಯಾಗಿ ಅರ್ಥವಾಯಿತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

“ಅಣ್ಣಾ... ಆವತ್ತು ನಾನು ಎಚ್ಚರ ಇದ್ದೆ.”

ಆಗ ಒಂದು ಕೈ ಜಯೇಶನ ಮುಖದ ಮೇಲೆ ಬಂತು. ತಣ್ಣಗಿನ ಕೈ. ಒತ್ತಲಿಲ್ಲ, ಹಿಸುಕಲಿಲ್ಲ. ಜಾರಿದ ಮಾಸ್ಕನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿತು. ಕಿವಿಯ ಹಿಂದಿನ ಎಲಾಸ್ಟಿಕ್ ಬಿಗಿ ಮಾಡಿತು, ಮನೆಯಲ್ಲಿ ಕಾಯಿಲೆಯವರಿಗೆ ಮಾಡುತ್ತೇವಲ್ಲ, ಹಾಗೆ. ಸ್‌ಸ್‌ಸ್... ಗಾಳಿ ಬಂತು. ಜಯೇಶ ಮುರಾರಿಯಣ್ಣನ ಕಡೆ ನೋಡಿದ. ಅವನ ಎರಡೂ ಕೈ ಇನ್ನೂ ಅವನ ಕಿವಿಯ ಮೇಲೆಯೇ ಇದ್ದವು.

ಬೆಳಗ್ಗೆ ಐದಕ್ಕೆ ಛೇರಿಂಗ್ ಕುದುರೆ ತಂದ. ಜಯೇಶನ ತುಟಿ ಕೆಂಪಾಗಿತ್ತು. ಕುದುರೆಗೆ ಹತ್ತಿಸುವಾಗ ಮುರಾರಿಯಣ್ಣ ಹತ್ತಿರ ಬಂದು, “ಕೈ ಏಳಲಿಲ್ಲ ಮಾರಾಯ. ಆವತ್ತೂ ಏಳಲಿಲ್ಲ, ನಿನ್ನೆಯೂ ಏಳಲಿಲ್ಲ,” ಅಂದ. ಹೆದರಿ ಏಳಲಿಲ್ಲವೋ, ಎತ್ತಲು ಮನಸ್ಸೇ ಇರಲಿಲ್ಲವೋ... ಜಯೇಶನಿಗೆ ಇವತ್ತಿಗೂ ತಿಳಿಯದು.

ಊರಿಗೆ ಬಂದ ದಿನವೇ ಮುರಾರಿಯಣ್ಣ ವಿನೋದಕ್ಕನ ಮನೆಗೆ ಹೋದ. ಅರ್ಧ ಗಂಟೆ ಇದ್ದ. ಏನು ಹೇಳಿದ ಅಂತ ಅವಳು ಯಾರಿಗೂ ಬಾಯಿ ಬಿಡಲಿಲ್ಲ. ನನ್ನ ಚಿಕ್ಕಮ್ಮ ಬಹಳ ಒತ್ತಾಯ ಮಾಡಿದ್ದಕ್ಕೆ, ಅವನು ಹೇಳಿದ, ನಾನು ಕೇಳಿದೆ ಅಂದಳು, ಅಷ್ಟೇ. ಆಮೇಲೆ ಅವನು ಠಾಣೆಯಲ್ಲಿ ಇರಲಿಲ್ಲ. ನಾಸಿಕ್ ಕಡೆ ಯಾವುದೋ ಹೋಟೆಲಿನಲ್ಲಿದ್ದಾನೆ ಅಂತ ಕೆಲವರು ಹೇಳುತ್ತಾರೆ. ಸಿಲಿಂಡರ್ ಕೊಡುವ ಕೆಲಸ ಮಾತ್ರ ನಿಲ್ಲಲಿಲ್ಲ. ವಿನೋದಕ್ಕನೇ ಮುಂದೆ ನಿಂತು ನಡೆಸಿದಳು.

ಒಂದು ಮಾತು ಬಿಟ್ಟೆ. ಇಳಿದು ಬಂದ ಮೇಲೆ ಮನಾಲಿಯಲ್ಲಿ ಸಿಲಿಂಡರ್ ಬಾಡಿಗೆ ಕೊಟ್ಟ ಅಂಗಡಿಗೆ ಎರಡನ್ನೂ ವಾಪಸ್ ಕೊಟ್ಟರು. ಅಂಗಡಿಯವನು ನೋಡಿ ಚೀಟಿ ಬರೆದ. ಒಂದು ಖಾಲಿ. ಇನ್ನೊಂದು ತುಂಬಿದ್ದು, ಸೀಲ್ ಒಡೆದಿಲ್ಲ. ಅಂದರೆ ಖರ್ಚಾದದ್ದು ನಾಲ್ಕೇ ಗಂಟೆಯ ಗಾಳಿ. ಜಯೇಶ ಮಾಸ್ಕಿನಲ್ಲಿ ಉಸಿರಾಡಿದ್ದು ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ.

ನೀವು ನಂಬಿ ಅಂತ ನಾನು ಹೇಳುವುದಿಲ್ಲ. ಆ ಚೀಟಿಯನ್ನು ಜಯೇಶ ಪರ್ಸಿನಿಂದ ತೆಗೆದು ನನ್ನ ಕೈಗೇ ಕೊಟ್ಟ. ನಾನು ಓದಿದ್ದೇನೆ.