‘ಹಾಲು ಕಾಯುವ ಹೊತ್ತು’ ಚಿತ್ರದ ಮೇಲೆ ಎರಡನೆಯ ಸಹಿ

ನಾನು ದಿವಂಗತ ಚಿತ್ರಕಾರರ ಮಗ, ವಯಸ್ಸು ಐವತ್ಮೂರು, ಉದ್ಯೋಗ ತಂದೆಯವರ ಚಿತ್ರಶಾಲೆಯ ಮೇಲ್ವಿಚಾರಣೆ, ವಾಸ ಅದೇ ಚಿತ್ರಶಾಲೆಯ ಮಹಡಿ ಮನೆ. ಊರಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಚಿತ್ರಕಾರರ ಮಗ’ ಎಂದರೆ ಸಾಕು. ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರೂ ಹಾಗೆಯೇ ಬರೆದುಕೊಂಡಿದ್ದಾರೆ. ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಚಿತ್ರಶಾಲೆ ಎಂದರೆ ನಾವು ಮೊದಲು ವಾಸವಿದ್ದ ಮನೆಯ ಕೆಳಭಾಗ. ನಡುಮನೆಯ ಗೋಡೆಯ ಮೇಲೆ ‘ಹಾಲು ಕಾಯುವ ಹೊತ್ತು’ ಎಂಬ ತೈಲಚಿತ್ರ ಇರುತ್ತದೆ. ಒಲೆಯ ಮೇಲೆ ಹಾಲಿನ ಪಾತ್ರೆ, ಅದರಾಚೆ ಕಿಟಕಿ, ಕಿಟಕಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಒಂದು ತುಂಡು ಆಕಾಶ, ಇಷ್ಟೇ ಚಿತ್ರ. ಇದಕ್ಕೆ ಪದಕ ಬಂದಿದೆ, ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ. ಜನ ಟಿಕೆಟ್ ಕೊಳ್ಳುವುದೇ ಇದಕ್ಕಾಗಿ. ಉಳಿದ ಚಿತ್ರಗಳನ್ನು ಹೇಗೂ ಒಳಗೆ ಬಂದಾಗಿದೆಯಲ್ಲ ಎಂದು ನೋಡಿ ಹೋಗುತ್ತಾರೆ.

ಠಾಣೆಗೆ ಮಾಡಿದ ಫೋನಿನಲ್ಲಿ ಆರೋಪಿ ಎಂದು ನಾನು ಹೇಳಿದ್ದು ನನ್ನ ಅತ್ತೆಯವರನ್ನು. ಅವರು ತಂದೆಯವರ ಒಬ್ಬಳೇ ತಂಗಿ, ವಯಸ್ಸು ಎಪ್ಪತ್ತಾರು, ಮದುವೆಯಾಗಿಲ್ಲ, ನನ್ನ ಜೊತೆಯಲ್ಲೇ ಇದ್ದಾರೆ. ಮೂರು ತಿಂಗಳಿಂದ ಗ್ರಂಥಾಲಯದಲ್ಲಿ ಹಿರಿಯರಿಗಾಗಿ ನಡೆಯುವ ಕಲಾ ಇತಿಹಾಸದ ತರಗತಿಗೆ ಹೋಗುತ್ತಿದ್ದಾರೆ. ಸೇರಿಸಿದ್ದು ನಾನೇ. ಮನೆಯಲ್ಲಿ ಕೂತು ನನ್ನ ಅಡುಗೆಗೆ ಹೆಸರಿಡುವುದು ಕಡಿಮೆಯಾಗಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಅದು ಕಡಿಮೆಯಾಗಲಿಲ್ಲ. ಬದಲಿಗೆ ಜಗತ್ತಿನ ಮೇರುಕೃತಿಗಳಿಗೂ ಹೆಸರಿಡಲು ಶುರು ಮಾಡಿದರು. ಗೋಡೆಯಷ್ಟು ದೊಡ್ಡ ಯುದ್ಧದ ಚಿತ್ರವೊಂದನ್ನು ಪರದೆಯ ಮೇಲೆ ನೋಡಿ ಬಂದು, ಕುದುರೆಗಳು ಪರವಾಗಿಲ್ಲ, ಆದರೆ ಸೈನಿಕರಲ್ಲಿ ಒಬ್ಬನಿಗೂ ನೆಟ್ಟಗೆ ಕುತ್ತಿಗೆ ಇಲ್ಲ ಎಂದು ತೀರ್ಪು ಕೊಟ್ಟರು.

ಕಳೆದ ವಾರದ ಪಾಠ ಮರೆತುಹೋದ ಚಿತ್ರಗಾರ್ತಿಯರ ಬಗ್ಗೆ ಇತ್ತಂತೆ. ಹೆಂಗಸರು ಬರೆದ ಎಷ್ಟೋ ಚಿತ್ರಗಳು ಅವರ ಅಪ್ಪನ, ಗಂಡನ, ಅಣ್ಣನ ಹೆಸರಿನಲ್ಲಿ ನಡೆದುಹೋಗಿವೆ, ನೂರಾರು ವರ್ಷಗಳ ಹಿಂದಿನ ಒಬ್ಬಾಕೆಯ ಸಹಿಯ ಮೇಲೆ ಬೇರೊಬ್ಬನ ಸಹಿ ಬಳಿದು ಮಾರಿದ್ದರು ಎಂದು ಪಾಠ ಮಾಡುವ ಹುಡುಗಿ ಹೇಳಿದಳಂತೆ. ಹಾಗಾದರೆ ಹೆಸರು ವಾಪಸು ಬರುವುದು ಹೇಗೆ ಎಂದು ಅತ್ತೆ ಕೇಳಿದರಂತೆ. ಯಾರಾದರೂ ಬರೆಯಬೇಕು ಎಂದು ಆಕೆ ಉತ್ತರ ಕೊಟ್ಟಳಂತೆ. ಆಕೆ ಹೇಳಿದ್ದು ಪುಸ್ತಕ ಬರೆಯುವ ಮಾತು ಎಂದು ನನ್ನ ಬಲವಾದ ನಂಬಿಕೆ. ಅತ್ತೆ ಮನೆಗೆ ಬಂದು ಎರಡು ದಿನ ನನ್ನ ಅಡುಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಈ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಬಾಗಿಲು ತೆರೆಯಲು ಕೆಳಗಿಳಿದಾಗ ಅತ್ತೆ ಸದರಿ ಚಿತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಕುಂಚ ಇತ್ತು. ತಂದೆಯವರ ಸಹಿಯ ಕೆಳಗೆ ಕೆಂಪು ಬಣ್ಣದಲ್ಲಿ ತಮ್ಮ ಹೆಸರು ಬರೆಯತೊಡಗಿದ್ದರು. ನಾನು ಒಂದೇ ಸಮನೆ ಕೂಗಿದೆ. ಅವರು ಬರೆಯುತ್ತಲೇ, “ಕೂಗ್ಬೇಡ ಪುಟ್ಟ, ಕೈ ನಡುಗುತ್ತೆ. ಇನ್ನೊಂದಕ್ಷರ ಬಾಕಿ ಇದೆ” ಎಂದರು. ನಾನು ಸುಮ್ಮನಾದೆ. ಏಕೆ ಸುಮ್ಮನಾದೆ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಕೇಳುತ್ತಿದ್ದಾರೆ. ಚಿಕ್ಕಂದಿನಿಂದ ಅಭ್ಯಾಸ.

ಅವರು ಹೆಸರು ಮುಗಿಸಿದ ಮೇಲೆ ಠಾಣೆಗೆ ಫೋನ್ ಮಾಡಿ, ಆಮೇಲೆ ಚಿತ್ರಶಾಲೆಯನ್ನು ನಡೆಸುವ ಟ್ರಸ್ಟಿನ ಅಧ್ಯಕ್ಷರಿಗೂ ತಿಳಿಸಿದೆ. ಅಧ್ಯಕ್ಷರು, ತೈಲವರ್ಣ ಒಣಗಲು ವಾರ ಬೇಕು, ಟರ್ಪೆಂಟೈನ್ ಹಚ್ಚಿದ ಬಟ್ಟೆಯಲ್ಲಿ ಈಗಲೇ ಒರೆಸಿಬಿಟ್ಟರೆ ಏನೂ ಆಗಿಲ್ಲವೆಂದೇ ಆಗುತ್ತದೆ, ಅತ್ತೆಯನ್ನು ಮಹಡಿಗೆ ಕಳಿಸಿ ಎಂದರು. ಠಾಣೆಯವರು ತಾವು ಬರುವ ತನಕ ಏನನ್ನೂ ಮುಟ್ಟಬೇಡಿ ಎಂದಿದ್ದರು. ನಾನು ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡು ಕಾದೆ.

ಹೆಡ್ ಕಾನ್‌ಸ್ಟೇಬಲ್ ಅವರು ಬಂದು, ಅಣ್ಣನ ಚಿತ್ರವನ್ನು ಯಾಕೆ ಹಾಳು ಮಾಡಿದಿರಿ ಎಂದು ಅತ್ತೆಯನ್ನು ಕೇಳಿದರು. ಅತ್ತೆ, “ಅಣ್ಣಂದಲ್ಲಪ್ಪ, ನಂದೇ. ಬರೆದಿದ್ದೂ ನಾನೇ, ಹಾಲು ಕಾಯಿಸಿದ್ದೂ ನಾನೇ” ಎಂದರು. ವಯಸ್ಸಾಗಿದೆ, ತರಗತಿಯ ಪರಿಣಾಮ ಎಂದು ನಾನು ಹೇಳಿದೆ. ಚಿತ್ರದ ಮಹತ್ವ ತಿಳಿಯಲೆಂದು, ಬಂದವರಿಗೆಲ್ಲ ಇಪ್ಪತ್ತಾರು ವರ್ಷಗಳಿಂದ ಕೊಡುತ್ತಾ ಬಂದಿರುವ ವಿವರಣೆಯನ್ನು ಅವರಿಗೂ ಕೊಟ್ಟೆ. ಒಲೆ, ಪಾತ್ರೆ, ಕಿಟಕಿ ಎಲ್ಲವೂ ಕೆಳಗಿನಿಂದ ಕಂಡಂತೆ ಇವೆ. ತಂದೆಯವರು ವಿನಯದಿಂದ ಅಡುಗೆಮನೆಯ ನೆಲಕ್ಕೆ ಇಳಿದು, ಚಕ್ಕಳಮಕ್ಕಳ ಹಾಕಿ ಕೂತು ಜಗತ್ತನ್ನು ಕಂಡರು ಎಂಬುದು ಅದರ ಸಾರ.

ಬಳಿಕ ಪಕ್ಕದ ಕೋಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಹೆಡ್ ಕಾನ್‌ಸ್ಟೇಬಲ್ ಅವರು ಅಲ್ಲಿದ್ದ ಎತ್ತರದ ಸ್ಟೂಲಿನ ಮೇಲೆ ಕೂರಲು ಹೋದರು. ನಾನು ತಡೆದು, ಅದು ಪ್ರದರ್ಶನದ ವಸ್ತು, ತಂದೆಯವರಿಗೆ ಎಳೆ ವಯಸ್ಸಿನಲ್ಲೇ ಬಿದ್ದು ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಜೀವನವಿಡೀ ಈ ಸ್ಟೂಲಿನ ಮೇಲೆ ಕೂತೇ ಚಿತ್ರ ಬರೆದರು ಎಂದು ವಿವರಿಸಿದೆ. ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ಮತ್ತೆ ನೆಲದ ಮೇಲೆ ಕೂತಿದ್ದು ಯಾರು ಸಾರ್?” ಎಂದು ಕೇಳಿದರು.

ಈ ಎರಡೂ ವಿವರಣೆಗಳನ್ನು ನಾನು ದಿನವೂ ಒಂದೇ ಬಾಯಲ್ಲಿ ಹೇಳುತ್ತಾ ಬಂದಿದ್ದೇನೆ. ನಡುವೆ ಒಂದು ಗೋಡೆ ಇದ್ದುದರಿಂದ ಅವು ಇಷ್ಟು ವರ್ಷ ಒಂದನ್ನೊಂದು ಭೇಟಿಯಾಗಿರಲಿಲ್ಲ.

ಅತ್ತೆ ಹಿಂದೆಯೇ ಬಂದು ನಿಂತು ಹೇಳಿದ್ದೇನೆಂದರೆ, ಚಿತ್ರ ಬರೆದ ವರ್ಷ ನನ್ನ ತಾಯಿಯವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಹಗಲು ಪಾಳಿಗೆ ಹೋಗುತ್ತಿದ್ದರು. ಒಂದು ವರ್ಷದ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು, ಹಾಲು ಉಕ್ಕದಂತೆ ಕಾಯುತ್ತಾ, ಅತ್ತೆ ನೆಲದ ಮೇಲೆ ಕೂತು ಈ ಚಿತ್ರ ಬರೆದರು. ಚಿತ್ರದ ಕೆಳಗಿನ ಮೂಲೆಯಲ್ಲಿ ಬಣ್ಣವನ್ನು ಸೀಳಿದ ನಾಲ್ಕು ಗೆರೆಗಳಿವೆ. ಅವು ಮನುಷ್ಯನ ನಾಲ್ಕು ಅವಸ್ಥೆಗಳು ಎಂದು ನಾನು ಒಂದು ಲೇಖನ ಬರೆದು ಬಹುಮಾನ ಪಡೆದಿದ್ದೇನೆ. “ಅವಸ್ಥೆ ನಂದಾಗಿತ್ತು ಬಿಡು. ಒದ್ದೆ ಬಣ್ಣಕ್ಕೆ ನೀನೇ ಕೈ ಹಾಕಿ ಪರಚಿದ್ದು, ಆಮೇಲೆ ಆ ಕೈಯನ್ನ ಬಾಯಿಗಿಟ್ಕೊಂಡೆ. ನಿಂಗೆ ವಾಂತಿ ಮಾಡ್ಸೋಷ್ಟರಲ್ಲಿ ಹಾಲು ಉಕ್ಕಿ ಹೋಯ್ತು” ಎಂದರು.

ಆಗ ಸುಮ್ಮನಿದ್ದುದೇಕೆ ಎಂದು ನಾನೇ ಕೇಳಿದೆ. ಅತ್ತೆ ಹೇಳಿದ ಪ್ರಕಾರ, ಪ್ರದರ್ಶನಕ್ಕೆಂದು ಗೋಡೆಗೆ ಹತ್ತು ಮೊಳೆ ಹೊಡೆಸಿದ್ದರು, ತಂದೆಯವರ ಬಳಿ ಇದ್ದದ್ದು ಒಂಬತ್ತು ಚಿತ್ರ. ಖಾಲಿ ಮೊಳೆ ಅಸಹ್ಯವಾಗಿ ಕಾಣುತ್ತದೆಂದು ಅವರು ಅಡುಗೆಮನೆಯಿಂದ ಇದನ್ನು ಒಯ್ದು, ಎಲ್ಲಕ್ಕೂ ಒಟ್ಟಿಗೇ ಸಹಿ ಹಾಕಿಬಿಟ್ಟರು. ಪದಕ ಬಂದದ್ದು ಹತ್ತನೆಯದಕ್ಕೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಎಂದು ತಂದೆಯವರು ದಿನ ದೂಡಿದರು. ಅತ್ತೆ ಇನ್ನೂ ಎರಡು ಚಿತ್ರ ಬರೆದರು. ನೋಡಿದವರು, ಅಣ್ಣನ್ನ ಎಷ್ಟು ಚೆನ್ನಾಗಿ ನಕಲು ಮಾಡ್ತಾಳೆ ಎಂದು ಹೊಗಳಿದರು. ಅಂದಿನಿಂದ ಅವರು ಕುಂಚ ಮುಟ್ಟಲಿಲ್ಲ. ಇದನ್ನು ಹೇಳುವಾಗ ಅತ್ತೆ ಅಳಲಿಲ್ಲ. ತೀರಿಹೋದವರ ಮೇಲೆ ದೂರು ಬರೆದುಕೊಳ್ಳುತ್ತೀರಾ ಎಂದು ಹೆಡ್ ಕಾನ್‌ಸ್ಟೇಬಲ್ ಅವರನ್ನು ಕೇಳಿದೆ. ಆಗುವುದಿಲ್ಲ ಎಂದು ತಿಳಿಸಿದರು.

ತಂದೆಯವರ ಸಹಿ ಅಳಿಸಬೇಕೇ ಎಂದು ಅತ್ತೆಯನ್ನು ಕೇಳಿದಾಗ, “ಇರ್ಲಿ ಬಿಡೋ. ಹೊತ್ಕೊಂಡು ಹೋಗಿ ನೇತುಹಾಕಿದ್ದು ಅವನೇ ತಾನೆ” ಎಂದು ಹೇಳಿ, ಚಹಾ ಮಾಡುವುದಾಗಿ ಮಹಡಿಗೆ ಹೋದರು.

ಅಷ್ಟರಲ್ಲಿ ಅಧ್ಯಕ್ಷರು ಮತ್ತೆ ಫೋನ್ ಮಾಡಿ, ಒರೆಸಿದಿರಾ, ಹೆಸರು ಹಾಗೇ ಉಳಿದರೆ ಚಿತ್ರಶಾಲೆಗೆ ಬೀಗ, ನಿಮಗೂ ಕೆಲಸವಿಲ್ಲ ಎಂದರು. ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿಕೆ ಬರೆಯಲು ಹೊರಗೆ ಜಗಲಿಗೆ ಹೋಗಿ ಕೂತಿದ್ದರು. ನಾನು ಬಟ್ಟೆ ಹಿಡಿದು ಚಿತ್ರದ ಮುಂದೆ ಹೋಗಿ ನಿಂತೆ. ಸುಳ್ಳು ಹೇಳುವುದಿಲ್ಲ, ಒರೆಸಲೆಂದೇ ಹೋದೆ. ಕೈ ಎತ್ತಿದ್ದೂ ನಿಜ. ಮೊದಲ ಅಕ್ಷರಗಳೆಲ್ಲ ನಡುಗಿ ಸೊಟ್ಟಗಿದ್ದವು. ಕೊನೆಯದು ಮಾತ್ರ ನೆಟ್ಟಗೆ, ಗಟ್ಟಿಯಾಗಿ ಇತ್ತು. ನಾನು ಕೂಗುವುದನ್ನು ನಿಲ್ಲಿಸಿದ ಮೇಲೆ ಬರೆದದ್ದು ಅದೊಂದೇ. ಕೈ ಇಳಿಸಿದೆ.

ಆದಕಾರಣ ಅತ್ತೆಯವರ ಮೇಲಿನ ನನ್ನ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ತಮ್ಮ ಚಿತ್ರಕ್ಕೆ ತಾವು ಸಹಿ ಹಾಕಲು ಐವತ್ತೆರಡು ವರ್ಷ ತಡ ಮಾಡಿದ್ದನ್ನು ಬಿಟ್ಟರೆ ಅವರಿಂದ ಬೇರಾವ ಅಪರಾಧವೂ ನಡೆದಿಲ್ಲ. ಆದರೆ ಅವರು ಬಣ್ಣ ದಪ್ಪಗೆ ಹಾಕಿದ್ದಾರೆ, ಒಣಗಲು ವಾರದ ಮೇಲಾಗುತ್ತದೆ. ಅಲ್ಲಿಯ ತನಕ ಸದರಿ ಸಹಿಗೆ ಪೊಲೀಸ್ ಕಾವಲು ಒದಗಿಸಬೇಕಾಗಿ ಕೋರುತ್ತೇನೆ. ಅದನ್ನು ಒರೆಸಬಹುದಾದವರು ಇಬ್ಬರು, ಅಧ್ಯಕ್ಷರು ಮತ್ತು ನಾನು. ಅಧ್ಯಕ್ಷರ ಬಳಿ ಬೀಗದ ಕೈ ಇಲ್ಲ. ಈ ಹೊತ್ತು ನನಗೆ ಧೈರ್ಯವಿದೆ, ನಾಳೆ ಇರುತ್ತದೆಂದು ಬರೆದುಕೊಡಲಾರೆ. ಆದ್ದರಿಂದ ಕಾವಲಿಗೆ ಬರುವವರು ನನ್ನ ಮೇಲೆಯೇ ಕಣ್ಣಿಡಬೇಕು, ನಾನು ಏನೇ ಸಬೂಬು ಹೇಳಿದರೂ ಒಳಗೆ ಬಿಡಬಾರದು.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೂ ಇಲ್ಲಿ ಬರೆದಿರುವುದೂ ಒಂದೇ, ಎಲ್ಲವೂ ಸತ್ಯ.

ಸ್ಥಳ: ಚಿತ್ರಶಾಲೆಯ ಜಗಲಿ
ದಿನಾಂಕ: ಇಂದಿನದೇ
ಹೇಳಿಕೆ ಕೊಟ್ಟವನ ಸಹಿ: (ಇದೆ)