ನಡೆಯದ ಸಭೆಯ ನಡಾವಳಿ

ಕ್ಲಾರೀ ಅವರ ಮಡದಿ ಥೆಲ್ಮಾ, ಮಗಳು ಲಿಯಾನ್, ಈ ಬಿಸಿಲಿನಲ್ಲಿ ಅಡಿಲೇಡ್‌ನಿಂದಲೂ ಗಾಡಿ ಓಡಿಸಿಕೊಂಡು ಬಂದಿರುವ ಬಂಧುಗಳೇ, ನೆರೆಹೊರೆಯವರೇ — ಎಲ್ಲರಿಗೂ ನಮಸ್ಕಾರ.

ಕ್ಲಾರೀ ನೋಸ್ಕೆ ಅವರು ಮೂವತ್ತೆರಡು ವರ್ಷ ಈ ಸುತ್ತಮುತ್ತಲಿನ ನೀರೆತ್ತುವ ಗಾಳಿಯಂತ್ರಗಳನ್ನೆಲ್ಲ ರಿಪೇರಿ ಮಾಡಿದರು. ಅವರು ಎತ್ತಿಸಿದ ನೀರನ್ನು ಯಾರ ಕುರಿಗಳು ಕುಡಿದಿಲ್ಲವೋ ಅಂಥವರು ಕೈ ಎತ್ತಿ, ನೋಡೋಣ. — ಹ್ಞಾಂ. ಗೊತ್ತಿತ್ತು.

ನಮ್ಮದು ಇಬ್ಬರದೇ ಕಂಪನಿ. ಅರ್ಧ ಅವರದು, ಅರ್ಧ ನನ್ನದು. ಒಬ್ಬರು ತಮ್ಮ ಪಾಲನ್ನು ಬೇರೆಯವರಿಗೆ — ಹೆತ್ತ ಮಗಳಿಗೇ ಆಗಲಿ — ಕೊಡಬೇಕೆಂದರೆ ಇನ್ನೊಬ್ಬರ ಸಹಿ ಬೇಕು. ನಾವೇ ಬರೆದುಕೊಂಡ ನಿಯಮ. ವರ್ಷಕ್ಕೊಂದು ಸಭೆ ಅಂತಲೂ ಬರೆದುಕೊಂಡಿದ್ದೆವು. ಸಭೆಯೇನು, ಮಣ್ಣು! ಟೈಪ್ ಮಾಡಿದ ಹಾಳೆಯನ್ನು ಗಾಡಿಯ ಬಾನೆಟ್ ಮೇಲಿಟ್ಟು ಸಹಿ ಹಾಕುತ್ತಿದ್ದೆವು. ‘ಸಭೆ ನಡೆಯಿತು. ಇಬ್ಬರೂ ಹಾಜರು. ಬೇರೆ ವಿಷಯ ಬರಲಿಲ್ಲ.’

ಬರಲಿಲ್ಲವೇ? ಬಂದಿತ್ತು. ಕೊನೆಯ ಹನ್ನೊಂದು ವರ್ಷವೂ ಬಂದಿತ್ತು, ಕ್ಲಾರೀ ಬಾಯಿಂದಲೇ.

“ಲಿಂಡ್ಸೆ, ನಮ್ ಲಿಯಾನ್ ವಿಷ್ಯ ಏನ್ ಮಾಡ್ದೆ ಮಾರಾಯಾ? ಮೇಲೆ ಹತ್ತಿ ಕೆಲ್ಸ ಮಾಡೋಳು ಅವ್ಳು, ಪಾಲು ಇಟ್ಕೊಂಡು ಕೆಳಗೆ ಕೂತೋನು ನಾನು.”

“ಮುಂದಿನ್ ಸಭೇಲಿ ನೋಡೋಣ ಬಿಡೋ.”

“ಯಾವ್ ಸಭೇನೋ? ಈ ಬಾನೆಟ್ಟಾ?”

ನಗುತ್ತಿದ್ದರು. ನಾನು ಪೆನ್ನು ಮುಂದೆ ಚಾಚುತ್ತಿದ್ದೆ — ಹೀಗೆ. ಬೇರೆ ವಿಷಯ ಬರಲಿಲ್ಲ ಎಂಬ ಸಾಲಿನ ಕೆಳಗೆ ಅವರೇ ಸಹಿ ಹಾಕುತ್ತಿದ್ದರು. ಹಾಕಿಸಿದವನು ನಾನು.

ಹೋದ ಮಂಗಳವಾರ ಕ್ಲಾರೀ ತೀರಿಕೊಂಡರು. ನಮ್ಮ ನಿಯಮದ ಪ್ರಕಾರ ಅವರ ಪಾಲನ್ನು ಕೊಳ್ಳುವ ಮೊದಲ ಹಕ್ಕು ಈಗ ನನ್ನದು. ನಿನ್ನೆ, ಆ ಪಾಲು ಲಿಯಾನ್‌ಗೇ ಸೇರಲಿ ಎಂದು ಸಹಿ ಹಾಕಿದ ಕಾಗದ ಹಿಡಿದು ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು.

“ಕಾಗ್ದ ಆಮೇಲೆ, ಲಿಂಡ್ಸೆ. ಅಪ್ಪ ಕೇಳ್ದಾಗ ಯಾಕ್ ಕೊಡ್ಲಿಲ್ಲ? ಅದನ್ನ ನಾಳೆ ಎಲ್ಲರೆದುರಿಗೆ ಹೇಳಿ.”

ಹೇಳುತ್ತೇನೆ — ಕಷ್ಟ — ಆದರೂ ಹೇಳುತ್ತೇನೆ. ನನಗೆ ಮೂರು ದಿನ ಹಿಡಿಯುವ ಕೆಲಸ ಅವಳಿಗೆ ಒಂದು ಬೆಳಗ್ಗೆ ಸಾಕು. ಅವಳೂ ಮಾಲೀಕಳಾದರೆ ಈ ಊರಿನಲ್ಲಿ ನನ್ನನ್ನು ಕೇಳುವವರೇ ಇರುವುದಿಲ್ಲ ಎಂದು ಹೆದರಿದೆ. ಹೊಟ್ಟೆಕಿಚ್ಚು, ಅಷ್ಟೇ. ಅದಕ್ಕಾಗಿ ಗೆಳೆಯನನ್ನು ಹನ್ನೊಂದು ವರ್ಷ ಕಾಯಿಸಿದೆ. ತಪ್ಪಾಯಿತು, ಕ್ಲಾರೀ. ಥೆಲ್ಮಾ — ತಪ್ಪಾಯಿತು.

ಲಿಯಾನ್, ಕಾಗದ ಈ ಮೇಜಿನ ಮೇಲಿದೆ. ತೆಗೆದುಕೊಳ್ಳುವುದು ಬಿಡುವುದು ನಿನಗೆ ಸೇರಿದ್ದು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಟೋಪಿ ತೆಗೆಯಿರಿ. ಕ್ಲಾರೀ ಅವರಿಗಾಗಿ ಒಂದು ನಿಮಿಷ ಸುಮ್ಮನಿರೋಣ. ಬಾಯಿ ಬಿಡಬೇಕಾದಾಗಲೆಲ್ಲ ನಾನು ಸುಮ್ಮನಿದ್ದೆ. ಇವತ್ತಾದರೂ ಅವರ ಸಲುವಾಗಿ ಸುಮ್ಮನಿರುತ್ತೇನೆ.